ಗಿಂಪ್‌ನಲ್ಲಿ ಏನಿಲ್ಲ? ಯಾರಿಗಿಲ್ಲ?

ಗಿಂಪ್ ಅಂದ ಕೂಡಲೇ ಗೆಳೆಯರು ಕೇಳೋದು ಒಂದೇ: "ಫೋಟೋಶಾಪ್‌ನಲ್ಲಿರೋದೆಲ್ಲ ಇದೆಯಾ?" ಇಲ್ಲ, ನಿಜ. ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ 1995ರಲ್ಲಿ ಶುರು ಮಾಡಿದ ತಂತ್ರಾಂಶ ಇದು. ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕುವ ಸೌಲಭ್ಯ ಬಂದದ್ದು 2025ರ 3.0 ಆವೃತ್ತಿಯಲ್ಲಿ! ಪ್ರೆಸ್ಸಿನವರು ಕೇಳುವ ಸಿಎಂವೈಕೆ ಮೋಡ್ ಅದರಲ್ಲೂ ಪೂರ್ತಿ ಇರಲಿಲ್ಲ.

ಆದರೆ ಕನ್ನಡದವರ ಪಟ್ಟಿಯೇ ಬೇರೆ. ವಿಜಯಪುರದ ಕಡೆಯ ಊರುಗಳನ್ನೇ ತಗೊಳ್ಳಿ. 'ಮುದ್ದೇಬಿಹಾಳ' ಅಂತ ಯೂನಿಕೋಡ್‌ನಲ್ಲಿ ಬರೆದರೆ ದ-ಒತ್ತು ಕೆಳಗೆ ಕೂರಬೇಕು. ಒತ್ತೇ ಇಲ್ಲದ 'ಮನಗೂಳಿ'ಯಲ್ಲೂ ಳ-ಗೆ ಗುಡಿಸು ಅಂಟಬೇಕು. ಈ ಜೋಡಣೆ ಮಾಡುವ ಪ್ಯಾಂಗೋ ಲೈಬ್ರರಿಯನ್ನು 2004ರ ಗಿಂಪ್ 2.0 ಬಳಸಿಕೊಂಡಿತು. (ಗ್ರೀಕ್‌ನ 'ಪ್ಯಾನ್' ಅಂದ್ರೆ ಎಲ್ಲ, ಜಪಾನಿಯ 'ಗೋ' ಅಂದ್ರೆ ಭಾಷೆ. ಚೆಂದದ ಹೆಸರು ಅಲ್ವಾ?)

ಅದೇ ಕಾಲದ ಫೋಟೋಶಾಪ್‌ನಲ್ಲಿ ಒತ್ತುಗಳು ಚೆಲ್ಲಾಪಿಲ್ಲಿ. ಹಾಗಾಗಿ ಬ್ಯಾನರ್ ಮಾಡುವವರು ಆಸ್ಕಿ ಫಾಂಟುಗಳನ್ನೇ ನೆಚ್ಚಿಕೊಂಡರು. ಅಲ್ಲಿ ಕಣ್ಣಿಗೆ ಕನ್ನಡ, ಫೈಲಿನೊಳಗೆ ಇಂಗ್ಲಿಷ್ ಅಕ್ಷರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು. ಸರ್ಚ್ ಮಾಡಿದರೂ ಸಿಗಲ್ಲ. ದುಡ್ಡು ಕೊಟ್ಟು ತಂದದ್ದರಲ್ಲಿ ನಮ್ಮ ಲಿಪಿಯೇ ಇರಲಿಲ್ಲ. ಆದರೂ 'ಕೊರತೆ'ಯ ಹಣೆಪಟ್ಟಿ ಮಾತ್ರ ಗಿಂಪ್‌ಗೆ!

1999ರಲ್ಲಿ ಶುರುವಾದ ಕ್ರಿತಾ ಈ ಹೋಲಿಕೆಯ ಗೋಜಿನಿಂದ ಹೊರಬಂದ ರೀತಿ ನನಗಿಷ್ಟ. ಎಲ್ಲವನ್ನೂ ಮಾಡುವ ಆಸೆ ಬಿಟ್ಟು, ಚಿತ್ರ ಬರೆಯುವವರಿಗಾಗಿಯೇ ಅಂತ 2009ರಲ್ಲಿ ದಾರಿ ಬದಲಿಸಿತು. ಯಾರಿಗಾಗಿ ಅನ್ನೋದು ಗೊತ್ತಾದರೆ ಏನು ಬೇಕು ಅನ್ನೋದೂ ಗೊತ್ತಾಗುತ್ತೆ.

ಈಗ ಫೋಟೋಶಾಪ್‌ಗೂ ಕನ್ನಡ ಬರುತ್ತೆ, ಸಂತೋಷ. ಆದರೆ ಕೊರತೆಯ ಪಟ್ಟಿಯನ್ನು ನಾವೇ ಬರೆಯದಿದ್ದರೆ ಬೇರೆಯವರ ಪಟ್ಟಿಯೇ ನಮ್ಮದಾಗುತ್ತೆ. ಹೊಸ ತಂತ್ರಾಂಶ ಸಿಕ್ಕಾಗ ಮೊದಲು ಒಂದು ಒತ್ತಕ್ಷರ ಬರೆದು ನೋಡಿ, ತಪ್ಪಿದ್ದರೆ ಬಗ್ ಹಾಕಿ :) ನಿಮ್ಮ ಪಟ್ಟಿಯಲ್ಲಿ ಏನೇನಿದೆ?