ಊಟಿಯ ಚರ್ಚಿಗೆ ಹೋದ ತೊಲೆಗಳು

ಮೈಸೂರಿನವರಿಗೆ ಊಟಿ ಒಂದು ದಿನದ ದಾರಿ. ಫಜ್ರ್ ನಮಾಜು ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಟರೆ ಬಂಡೀಪುರ, ಗೂಡಲೂರು ದಾಟಿ ಮಧ್ಯಾಹ್ನದೊಳಗೆ ಬೆಟ್ಟದ ಮೇಲಿರಬಹುದು. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಅಷ್ಟರೊಳಗೆ ಹಿಂತಿರುಗಬೇಕು. ಕೆರೆಯಲ್ಲಿ ದೋಣಿ, ಬೊಟಾನಿಕಲ್ ಗಾರ್ಡನ್ನಿನಲ್ಲಿ ಫೋಟೋ, ಬರುವಾಗ ಒಂದಿಷ್ಟು ವರ್ಕಿ, ಕ್ಯಾರೆಟ್. ನಾವೂ ಎಷ್ಟೋ ಸಲ ಹೀಗೆಯೇ ಹೋಗಿ ಬಂದಿದ್ದೇವೆ. ಈ ಸಲ ಮಳೆ ಹಿಡಿದುಕೊಂಡಿತು. ದೋಣಿಯ ಆಸೆ ಬಿಟ್ಟು ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ಹೋದೆವು.

ಈ ಚರ್ಚಿಗೆ ಅಡಿಗಲ್ಲು ಹಾಕಿದ್ದು 1829ರಲ್ಲಿ, ಮದರಾಸಿನ ಗವರ್ನರ್ ಲಷಿಂಗ್ಟನ್ ಕಾಲದಲ್ಲಿ. 1831ರಲ್ಲಿ ಪ್ರಾರ್ಥನೆಗೆ ತೆರೆಯಿತು. ಅದರ ದೊಡ್ಡ ತೊಲೆ ಮತ್ತು ಇತರ ಮರಮುಟ್ಟು ಬಂದದ್ದು ಶ್ರೀರಂಗಪಟ್ಟಣದಿಂದ, ಟಿಪ್ಪು ಸುಲ್ತಾನರ ಲಾಲ್ ಮಹಲ್ ಅರಮನೆಯನ್ನು ಕೆಡವಿದಾಗ ಸಿಕ್ಕ ಮರ. ನೂರು ಕಿಲೋಮೀಟರಿಗೂ ಹೆಚ್ಚು ದೂರ, ಕಡೆಯಲ್ಲಿ ಕಡಿದಾದ ಘಾಟಿ. ಆನೆಗಳು ಎಳೆದು ತಂದವು ಎನ್ನುತ್ತಾರೆ. ಆನೆಗಳ ಜೊತೆ ನಡೆದ ಮನುಷ್ಯರ ಮಾತನ್ನು ಯಾರೂ ಆಡುವುದಿಲ್ಲ.

ಮಗಳಿಗೆ ಇದನ್ನು ಹೇಳಿದೆ. ಅವಳು ತಲೆಯೆತ್ತಿ ನೋಡಿದಳು. "ಹಾಗಾದರೆ ಇದು ಕದ್ದ ಮರಾನಾ ಅಬ್ಬಾ?"

ಹೌದು ಎಂದುಬಿಡುವುದು ಸುಲಭವಿತ್ತು. ಟಿಪ್ಪುವಿನ ಹೆಸರು ಬಂದ ಕೂಡಲೇ ನಮ್ಮ ನಾಡಿನಲ್ಲಿ ಒಬ್ಬರು ಹಾರ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಕಲ್ಲು ಹಿಡಿದು. ನನ್ನ ಕೈಯೂ ಹಾರದ ಕಡೆಗೇ ಹೋಗುತ್ತದೆ, ಮುಚ್ಚಿಡುವುದೇಕೆ. ಆದರೆ ಉರ್ದು ಶಾಲೆಯಲ್ಲಿ ನಮಗೆ ಮಾಲೆ ಗನೀಮತ್ ಎಂಬ ಪದ ಕಲಿಸಿದ್ದರು. ಯುದ್ಧದಲ್ಲಿ ಗೆದ್ದವರ ಪಾಲಿಗೆ ಬಂದ ಸೊತ್ತು. ನಮ್ಮವರು ಗೆದ್ದ ಕತೆಗಳಲ್ಲಿ ಆ ಪದ ಬಂದಾಗ ನಾವ್ಯಾರೂ ಎದ್ದುನಿಂತು ಪ್ರಶ್ನೆ ಕೇಳಿರಲಿಲ್ಲ.

1799ರ ಮೇ 4ರಂದು ಸುಲ್ತಾನರು ಕೋಟೆಯಲ್ಲಿ ಹೋರಾಡುತ್ತಾ ಮಡಿದರು. ಪಟ್ಟಣದ ಲೂಟಿಯ ಕತೆ ಎಲ್ಲರಿಗೂ ಗೊತ್ತು. ಅದೇ ವರ್ಷ ರಾಜ್ಯವನ್ನು ಹಂಚಿಕೊಂಡಾಗ ಕೊಯಮತ್ತೂರು ಸೀಮೆಯೊಂದಿಗೆ ನೀಲಗಿರಿಯೂ ಕಂಪನಿಯ ಪಾಲಾಯಿತು. ಅಂದರೆ ಮೊದಲು ಬೆಟ್ಟ ಹೋಯಿತು, ಮೂವತ್ತು ವರ್ಷದ ಮೇಲೆ ಅರಮನೆಯ ಮರವೂ ಅದೇ ಬೆಟ್ಟಕ್ಕೆ ಹೋಯಿತು.

ಆದರೆ ಬೆಟ್ಟ ಯಾರದಾಗಿತ್ತು? ಇಂಗ್ಲಿಷರು ಬರೆದ ಕತೆಯಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ, ಊಟಿಯನ್ನು "ಕಂಡುಹಿಡಿದ". 1822ರಲ್ಲಿ ಕಲ್ಲುಮನೆ ಕಟ್ಟಿಸಲು ತೊಡಗಿದ, ಆಮೇಲೆ ಕೆರೆ ಮಾಡಿಸಿದ. ಊಟಕಮಂಡ್ ಎಂಬ ಹೆಸರಿನ ಬಾಲದಲ್ಲಿರುವ "ಮಂಡ್" ಮಾತ್ರ ತೋಡರದು. ಅವರು ಎಮ್ಮೆಗಳೊಂದಿಗೆ ಬಾಳುವ ಬೀಡಿಗೆ ಆ ಹೆಸರು. ಕೋತರು, ಕುರುಂಬರು, ಇರುಳರು ಇದ್ದರು. ಬಡಗರೂ ಇದ್ದರು. ಬಡಗು ಎಂದರೆ ಉತ್ತರ ಎಂಬುದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅವರು, ಮಾತು ನಮ್ಮ ಕನ್ನಡದ ತಂಗಿ, ಊರುಗಳಿಗೆ ಹಟ್ಟಿ ಎನ್ನುತ್ತಾರೆ. ಕ್ಯಾರೆಟ್ ಮಾರುತ್ತಿದ್ದ ಬಡಗ ಅಜ್ಜಿಯೊಡನೆ ನನ್ನ ಹೆಂಡತಿ ಅರ್ಧ ಗಂಟೆ ಚೌಕಾಸಿ ಮಾಡಿದಳು, ದುಭಾಷಿ ಬೇಕಾಗಲಿಲ್ಲ.

ಸಲಿವನ್‌ನನ್ನು ಒಂದೇ ಮಾತಿನಲ್ಲಿ ತೀರ್ಮಾನಿಸಲು ಬರುವುದಿಲ್ಲ. ತಾನೇ ಬೇಕಾದಷ್ಟು ನೆಲ ಹಿಡಿದ ಮನುಷ್ಯ, ಆದರೆ ಬೆಟ್ಟದ ಮೇಲೆ ತೋಡರಿಗೆ ಒಡೆತನದ ಹಕ್ಕಿದೆ ಎಂದು ಮೇಲಿನವರೊಂದಿಗೆ ವಾದಿಸಿದವನೂ ಅವನೇ. ಲಷಿಂಗ್ಟನ್ನನಿಗೆ ಆ ವಾದ ಹಿಡಿಸಲಿಲ್ಲ. ಸಲಿವನ್ನನ ಹೆಂಡತಿ ಮತ್ತು ಮಗಳ ಗೋರಿಗಳು ಈ ಚರ್ಚಿನ ಅಂಗಳದಲ್ಲೇ ಇವೆ. ಮಳೆ ಸ್ವಲ್ಪ ಬಿಟ್ಟಾಗ ಅಲ್ಲಿಗೂ ಹೋದೆವು. ಮಗಳನ್ನು ಮಣ್ಣಿಗಿಟ್ಟ ತಂದೆ ಎಂದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಪೂರ್ತಿ ಉಳಿಯಲಿಲ್ಲ.

ಸುಲ್ತಾನರೂ ತೋಡರನ್ನು ಕೇಳಿ ಈ ಬೆಟ್ಟವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡಿರಲಿಲ್ಲ. ಇದನ್ನು ಬರೆಯುವಾಗ ಕೈ ಒಂದಿಷ್ಟು ತಡೆಯುತ್ತದೆ. ಹಾಗೆಂದು ಕಂಪನಿಯ ಲೆಕ್ಕ ಚುಕ್ತಾ ಆಗುವುದಿಲ್ಲ. ಒಬ್ಬ ದೊರೆಯನ್ನು ಕೊಂದು, ಅವನ ಮನೆಯ ತೊಲೆಯನ್ನು ದೇವರ ಮನೆಗೆ ಹೊದಿಸಿ, ಅದನ್ನು ಊರಿನ ಅಲಂಕಾರದ ಮಾತಾಗಿ ಇಂದಿಗೂ ಹೇಳುವುದು ನನಗೆ ಕಸಿವಿಸಿಯೇ. ಚರ್ಚಿನ ಬಗ್ಗೆ ಅಲ್ಲ. ಮಳೆಯಲ್ಲಿ ನೆನೆದು ಬಂದ ನಮ್ಮನ್ನು ಅಲ್ಲಿದ್ದ ಹಿರಿಯರು ಯಾರು ಎತ್ತ ಎಂದು ಕೇಳದೆ ಬೆಂಚಿನ ಮೇಲೆ ಕೂರಿಸಿದ್ದರು.

ಮಗಳಿಗೆ ಅಲ್ಲಿ ಉತ್ತರ ಕೊಡಲಾಗಲಿಲ್ಲ. ಎಂಟೂವರೆಗೆ ಗೇಟು ದಾಟಿದೆವು, ಅವಳು ನಿದ್ದೆ ಹೋಗಿದ್ದಳು.

ಮುಂದಿನ ಭಾನುವಾರ ಅವಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ರಂಗನಾಥನ ಗುಡಿಯ ಹತ್ತಿರ ಲಾಲ್ ಮಹಲಿನ ಪಾಯವಷ್ಟೇ ಉಳಿದಿದೆ, ಸುತ್ತ ಹುಲ್ಲು. ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ನಡೆದಳು. ಮಧ್ಯದಲ್ಲಿ ನಿಂತು, ಆ ತೊಲೆ ಇಲ್ಲಿ ಯಾವ ಕೋಣೆಯ ಮೇಲಿತ್ತು ಎಂದು ಕೇಳಿದಳು. ಹುಲ್ಲಿನ ಮೇಲೆ ಯಾರದೋ ಎಮ್ಮೆ ಮೇಯುತ್ತಿತ್ತು.