ಯಾಂಗ್‌ಬಾನ್ ಬೀದಿಗಿಳಿದ ಬಗೆ

ಸೋಲ್ ನಗರದಲ್ಲಿ ಎರಡು ಕಾರು ತಾಗಿಕೊಂಡರೆ, ಇಳಿದುಬಂದವರಲ್ಲಿ ಒಬ್ಬ ಇನ್ನೊಬ್ಬನನ್ನು ‘ಈ ಯಾಂಗ್‌ಬಾನ್!’ ಎಂದು ಗದರುವುದುಂಟು. ಕನ್ನಡದಲ್ಲಿ ಜಗಳ ಕಾಯುವಾಗ ‘ಏನ್ ಸ್ವಾಮಿ’ ಎನ್ನುತ್ತೇವಲ್ಲ, ಆ ಸ್ವಾಮಿಗೆ ಎಷ್ಟು ಮರ್ಯಾದೆಯೋ ಈ ಪದಕ್ಕೂ ಅಷ್ಟೇ. ಇನ್ನೂರು ವರ್ಷದ ಹಿಂದೆ ಇದೇ ಪದಕ್ಕೆ ಕೊರಿಯಾದ ರೈತ ತಲೆ ತಗ್ಗಿಸಬೇಕಿತ್ತು.

ಯಾಂಗ್ ಎಂದರೆ ಎರಡು, ಬಾನ್ ಎಂದರೆ ಸಾಲು. ಅರಸ ದಕ್ಷಿಣಕ್ಕೆ ಮುಖಮಾಡಿ ಕೂತರೆ ಪೂರ್ವದ ಸಾಲಿನಲ್ಲಿ ಆಡಳಿತದವರು, ಪಶ್ಚಿಮದಲ್ಲಿ ಸೇನೆಯವರು. ಮೊದಲು ಇದು ಬರೀ ಹುದ್ದೆಯ ಮಾತು. ಜೊಸನ್ ಅರಸೊತ್ತಿಗೆಯ ಕಾಲದಲ್ಲಿ (1392–1910) ಹುದ್ದೆ ಹೋಗಿ ಹುಟ್ಟು ಬಂತು. ಯಾರ ಮನೆತನದಲ್ಲಿ ಪರೀಕ್ಷೆ ಪಾಸಾದ ಅಜ್ಜನಿದ್ದನೋ ಅವರೆಲ್ಲ ಯಾಂಗ್‌ಬಾನ್.

ಇದರ ಹಿಂದೆ ಲೆಕ್ಕಾಚಾರವೂ ಇತ್ತು. ಸೇನಾ ಸೇವೆಯ ಬದಲಿಗೆ ಸಾಮಾನ್ಯ ಗಂಡಸು ವರ್ಷಕ್ಕೆ ಎರಡು ಥಾನು ಬಟ್ಟೆ ತೆರಬೇಕಿತ್ತು. 1750ರಲ್ಲಿ ಅದು ಒಂದಕ್ಕಿಳಿಯಿತು. ಯಾಂಗ್‌ಬಾನ್‌ಗಳಿಗೆ ಆ ಹೊರೆಯೇ ಇಲ್ಲ. ಹೀಗಾಗಿ ದುಡ್ಡಿದ್ದವರು ವಂಶಾವಳಿ ಕೊಂಡರು, ತಿದ್ದಿಸಿದರು. 1592ರ ಜಪಾನಿ ದಾಳಿಯಿಂದ ಬೊಕ್ಕಸ ಬರಿದಾದಾಗ ಸರ್ಕಾರವೇ ಹೆಸರಿನ ಜಾಗ ಖಾಲಿ ಬಿಟ್ಟ ನೇಮಕ ಪತ್ರಗಳನ್ನು ಮಾರಿತು. ತಪ್ಪಿಸಿಕೊಳ್ಳಲಾರದ ಬಡವನ ಹೆಗಲಿಗೆ ಉಳಿದವರ ಪಾಲಿನ ಬಟ್ಟೆಯೂ ಬಿತ್ತು.

ಪಾಕ್ ಜಿವನ್ (1737–1805) ಇದನ್ನೇ ಕಥೆ ಮಾಡಿದ. ಅವನೂ ಹುಟ್ಟಿನಿಂದ ಯಾಂಗ್‌ಬಾನ್. ಸರ್ಕಾರಿ ಕಣಜದಿಂದ ಸಾಲದ ಧಾನ್ಯ ತಿಂದು ತೀರಿಸಲಾಗದ ಪಂಡಿತನೊಬ್ಬ ತನ್ನ ಪಟ್ಟವನ್ನೇ ನೆರೆಯ ಸಿರಿವಂತನಿಗೆ ಮಾರುತ್ತಾನೆ. ಊರಿನ ಅಧಿಕಾರಿ ಕರಾರು ಬರೆಯುತ್ತಾನೆ: ದುಡ್ಡು ಮುಟ್ಟಬಾರದು, ಅಕ್ಕಿಯ ಬೆಲೆ ಕೇಳಬಾರದು. ಇಷ್ಟೇ ಏನು, ಲಾಭವಿಲ್ಲವೇ ಎಂದು ಕೊಂಡವನು ಕೇಳಿದರೆ ಎರಡನೇ ಕರಾರು ಸಿದ್ಧವಾಗುತ್ತದೆ: ನೆರೆಯವನ ಎತ್ತು ಹಿಡಿದು ಮೊದಲು ನಿನ್ನ ಹೊಲ ಉತ್ತುಕೋ. ನನ್ನನ್ನು ಕಳ್ಳನನ್ನಾಗಿ ಮಾಡುತ್ತೀರಾ ಎಂದು ಅವನು ಓಡಿಹೋಗುತ್ತಾನೆ.

1894ರ ಸುಧಾರಣೆಯಲ್ಲಿ ಮೇಲು-ಕೀಳಿನ ಕಾನೂನು, ಗುಲಾಮಗಿರಿ, ಪರೀಕ್ಷೆ ಮೂರೂ ರದ್ದಾದವು. ಪದ ಮಾತ್ರ ಉಳಿಯಿತು, ಎಲ್ಲರ ಪಾಲಾಯಿತು. ಹಳೆಯ ಕಾಲದ ಹೆಂಗಸರು ಗಂಡನನ್ನು ‘ನಮ್ಮ ಮನೆ ಯಾಂಗ್‌ಬಾನ್’ ಎನ್ನುತ್ತಾರೆ, ಥೇಟ್ ‘ನಮ್ಮ ಯಜಮಾನರು’. ಸೌಮ್ಯ ಮನುಷ್ಯನೂ ಯಾಂಗ್‌ಬಾನ್. ಇನ್ನೊಬ್ಬರ ಕಷ್ಟ ನೋಡಿ ‘ನಮ್ಮದೇ ವಾಸಿ’ ಎನ್ನುವಾಗಲೂ ಅದೇ ಪದ. ನಡುಗಿ ಸತ್ತರೂ ಹೊಟ್ಟಿನ ಬೆಂಕಿ ಕಾಯಿಸದವನು ಯಾಂಗ್‌ಬಾನ್ ಎಂಬ ಗಾದೆಯಲ್ಲಿ ಮೆಚ್ಚುಗೆ ಎಷ್ಟು, ಗೇಲಿ ಎಷ್ಟು ಎಂದು ಹೇಳುವುದು ಕಷ್ಟ.

ಮಾತಾಡುತ್ತಿದ್ದಂತೆಯೇ ಆ ವ್ಯಕ್ತಿ ಬಂದುಬಿಟ್ಟರೆ ಕನ್ನಡದವರು ‘ನಿಮಗೆ ನೂರು ವರ್ಷ ಆಯುಸ್ಸು’ ಎನ್ನುತ್ತಾರೆ. ಕೊರಿಯನ್ನರು ನಗುತ್ತಾ ಹೇಳುವುದು, ‘ಇವನು ಯಾಂಗ್‌ಬಾನ್ ಆಗಲಾರ’.