ಕಾರು ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಾರು ಕಟ್ಟಿ ನೋಡು ಎಂದು ಹೇಳುವ ಪ್ರಸಂಗ ಅವರಿಗೆ ಬರಲಿಲ್ಲ. ನಮಗೆ ಬಂತು. ಕಳೆದ ದೀಪಾವಳಿಯ ಪಾಡ್ಯದಂದು ನಮ್ಮ ಸರಕಾರಿ ವಸತಿಗೃಹದ ನೆರೆಮನೆಯ ಹುಡುಗ, ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುವವನು, ಸುರುಳಿ ಸುತ್ತಿದ ನಕ್ಷೆಯೊಂದನ್ನು ಹಿಡಿದು ಬಂದ. "ಕಾಕಾ, ನಾ ಒಂದು ಕಾರು ಕಟ್ಟಬೇಕಂತ ಮಾಡೇನಿ. ಆರು ದಿನ ರಸ್ತೆದಾಗ ಓಡಬೇಕು, ಐತವಾರ ರೇಸ್ ಟ್ರ್ಯಾಕಿನ್ಯಾಗ ಓಡಬೇಕು. ಅಪ್ಪಗ ನೀವು ಒಂದು ಮಾತು ಹೇಳ್ರಿ" ಎಂದ.

ಅವನ ಅಪ್ಪ ಮಗನ ಫೀಸಿಗಾಗಿ ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆದವರು. ಆದ್ದರಿಂದ ನಾವು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ವಿಜ್ಞಾನ ಓದಿ ಗುಮಾಸ್ತರಾದವರಿಗೆ ಒಂದು ಚಾಳಿ ಉಂಟು. ಯಾವ ಅರ್ಜಿ ಬಂದರೂ ಮೊದಲು ಹಳೆಯ ಕಡತ ತೆಗೆದು, ಹಿಂದೆ ಹೀಗೆ ನಡೆದದ್ದುಂಟೇ ಎಂದು ನೋಡುವುದು. ನೋಡಿದೆವು. ನಡೆದದ್ದುಂಟು, ಅದೂ ಇಂಗ್ಲೆಂಡಿನಲ್ಲಿ. ಅದರ ಮೂಲದಲ್ಲಿ ಇದ್ದದ್ದು ನಮ್ಮಂಥವರಿಗೆ ಚಿರಪರಿಚಿತವಾದ ಒಂದು ವಸ್ತು: ತೆರಿಗೆಯ ನಿಯಮ.

ಕಥೆ ಆರಂಭವಾಗುವುದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನಿಂದ. 1922ರಿಂದ 1939ರವರೆಗೆ ತಯಾರಾದ ಇದು ಇಂಗ್ಲೆಂಡಿನ ಮಧ್ಯಮ ವರ್ಗದವರಿಗೆ ಕಾರಿನ ಭಾಗ್ಯವನ್ನು ತಂದ ಗಾಡಿ. 747 ಸಿ.ಸಿ. ಎಂಜಿನ್, ಸರಳವಾದ ಚಾಸಿ, ಎಲ್ಲೆಡೆ ಸಿಗುವ ಬಿಡಿಭಾಗ. ಹಳತಾದ ಸೆವೆನ್ ಅಗ್ಗಕ್ಕೆ ಸಿಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ವೇಗದ ಹುಚ್ಚಿದ್ದ ತರುಣರು ಅದರ ಮೈಯನ್ನು ಕಿತ್ತುಹಾಕಿ, ಹಗುರವಾದ ತಗಡಿನ ಮೈ ಕೂರಿಸಿ ಪಂದ್ಯಕ್ಕೆ ಇಳಿಯುತ್ತಿದ್ದರು. ಇಂಥವರೇ ಸೇರಿ 1939ರಲ್ಲಿ ಕಟ್ಟಿಕೊಂಡ ಕೂಟ ಇಂದಿನ 750 ಮೋಟಾರ್ ಕ್ಲಬ್. ಎಂಜಿನ್ನಿನ ಅಳತೆಯೇ ಕೂಟದ ಹೆಸರಾಯಿತು.

ಅಂಥ ತರುಣರಲ್ಲಿ ಒಬ್ಬ ಕಾಲಿನ್ ಚಾಪ್‌ಮನ್. 1928ರಲ್ಲಿ ಹುಟ್ಟಿದವನು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ಇಂಜಿನಿಯರಿಂಗ್ ಓದಿದವನು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದರ ಮೇಲೆ ತನ್ನ ಮೊದಲ ಕಾರನ್ನು ಕಟ್ಟಿದ. 1952ರಲ್ಲಿ ಲೋಟಸ್ ಇಂಜಿನಿಯರಿಂಗ್ ಎಂಬ ಕಂಪನಿ ತೆರೆದ. ಬಂಡವಾಳಕ್ಕೆಂದು 25 ಪೌಂಡ್ ಸಾಲ ಕೊಟ್ಟವಳು ಮುಂದೆ ಅವನ ಹೆಂಡತಿಯಾದ ಹೇಜಲ್. ಕಾರ್ಖಾನೆ ಎಂದರೆ ಲಂಡನ್ನಿನ ಹಾರ್ನ್ಸೆಯಲ್ಲಿ ಅವನ ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯ. ಅಲ್ಲಿಂದಲೇ ಮಾರ್ಕ್ ಸಿಕ್ಸ್ ಎಂಬ ಕಾರು ಬಿಡಿಭಾಗಗಳ ಗಂಟಾಗಿ ಹೊರಟಿತು. ಅದರ ತಮ್ಮ ಎನ್ನಬಹುದಾದ ಲೋಟಸ್ ಸೆವೆನ್ 1957ರಲ್ಲಿ ಬಂತು.

ಈಗ ತೆರಿಗೆಯ ಮಾತು. ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಜಾರಿಗೆ ಬಂತು. ಯುದ್ಧ ಮುಗಿದರೂ ತೆರಿಗೆ ಮುಗಿಯಲಿಲ್ಲ. ಇಡಿಯ ಕಾರು ಕೊಂಡರೆ ತೆರಿಗೆ ಉಂಟು; ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡರೆ ಇಲ್ಲ. ಲೋಟಸ್ ಸೆವೆನ್ ತೆರಿಗೆ ಸಹಿತ 1,036 ಪೌಂಡ್. ಅದೇ ಕಾರು ಬಿಡಿಯಾಗಿ 526 ಪೌಂಡ್. ಹೆಚ್ಚುಕಡಿಮೆ ಅರ್ಧಕ್ಕರ್ಧ! ಸರಕಾರವೂ ಸುಮ್ಮನಿರಲಿಲ್ಲ. ಬಿಡಿಭಾಗಗಳ ಜೊತೆಗೆ ಜೋಡಿಸುವ ವಿಧಾನದ ಹೊತ್ತಿಗೆ ಕೊಡಕೂಡದು ಎಂದು ನಿಯಮವಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವೆ ಎಂಬ ಗಾದೆ ಚಾಪ್‌ಮನ್ನನಿಗೆ ಯಾರೂ ಕಲಿಸಿರಲಿಕ್ಕಿಲ್ಲ. ಆದರೆ ನಿಯಮ ಓದುವುದು ಅವನಿಗೆ ಗೊತ್ತಿತ್ತು. ಜೋಡಿಸುವ ವಿಧಾನ ಕೊಡಬಾರದು ಎಂದಿದೆ. ಬಿಚ್ಚುವ ವಿಧಾನದ ಬಗ್ಗೆ ಮಾತೇ ಇಲ್ಲ. ಸರಿ, ಕಾರನ್ನು ಬಿಚ್ಚುವುದು ಹೇಗೆ ಎಂಬ ಹೊತ್ತಿಗೆಯೇ ಕಾರಿನ ಜೊತೆ ಬಂತು. ಗಿರಾಕಿ ಅದನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಕಾರು ತಯಾರು! ಇಪ್ಪತ್ತು ವರ್ಷ ಸುತ್ತೋಲೆಗಳನ್ನು ಓದಿದ ನಾವು ಇಂಥ ಜಾಣತನಕ್ಕೆ ತಲೆಬಾಗುತ್ತೇವೆ.

ಆದರೆ ಅಗ್ಗವಾದ ಮಾತ್ರಕ್ಕೆ ಯಾವ ವಸ್ತುವೂ ಬಾಳುವುದಿಲ್ಲ. ಸೆವೆನ್ ಬಾಳಿದ್ದು ಅದರ ಹಿಂದಿದ್ದ ಯೋಜನೆಯಿಂದ. ಉಕ್ಕಿನ ಸಣ್ಣ ಕೊಳವೆಗಳನ್ನು ಬೆಸೆದು ಪಂಜರದಂಥ ಚೌಕಟ್ಟು. ಅದರ ಮೇಲೆ ಅಲ್ಯುಮಿನಿಯಮ್ ತಗಡು. ಬಾಗಿಲಿಲ್ಲ. ಎಂಜಿನ್ ಫೋರ್ಡ್ ಕಂಪನಿಯ 1,172 ಸಿ.ಸಿ.ಯದು, ಕೇವಲ 40 ಅಶ್ವಶಕ್ತಿ. ಆದರೆ ಕಾರಿನ ತೂಕ 329 ಕಿಲೋ ಮಾತ್ರ. ಅಂದರೆ ಒಂದೊಂದು ಕುದುರೆಯ ಪಾಲಿಗೆ ಸುಮಾರು 8 ಕಿಲೋ. ನಮ್ಮ ಅಂಬಾಸಡರ್ ತೂಕ 1,100 ಕಿಲೋ ಮೀರಿತ್ತು. ಅದರ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಸುಮಾರು 50 ಅಶ್ವಶಕ್ತಿ ಎಂದಿಟ್ಟುಕೊಂಡರೆ ಪ್ರತಿ ಕುದುರೆಗೆ 22 ಕಿಲೋ. ಕುದುರೆ ಹೆಚ್ಚಿಸಲು ಹಣ ಬೇಕು. ಹೊರೆ ಇಳಿಸಲು ಬುದ್ಧಿ ಸಾಕು. ಹೊರೆ ಇಳಿದರೆ ಬ್ರೇಕಿಗೂ ಟೈರಿಗೂ ಕೆಲಸ ಕಡಿಮೆ. ಸಂಬಳದ ಮೇಲೆ ಬದುಕುವವನು ಸೋಮವಾರ ಕೆಲಸಕ್ಕೂ ರವಿವಾರ ಪಂದ್ಯಕ್ಕೂ ಒಂದೇ ಗಾಡಿ ಇಟ್ಟುಕೊಳ್ಳುವುದು ಇದರಿಂದ ಸಾಧ್ಯವಾಯಿತು.

ಆದರೆ ರಸ್ತೆ ಮತ್ತು ಟ್ರ್ಯಾಕ್ ಎರಡೂ ಬೇಕೆನ್ನುವವನು ಎರಡು ದೋಣಿಯಲ್ಲಿ ಕಾಲಿಟ್ಟವನು. ಟ್ರ್ಯಾಕಿಗೆ ಬಿಗಿಯಾದ ಸ್ಪ್ರಿಂಗ್, ನೆಲಕ್ಕೆ ತಾಗುವಂತೆ ತಗ್ಗಿದ ಮೈ ಬೇಕು; ರಸ್ತೆಯ ಗುಂಡಿಗಳಿಗೆ ಮೆತ್ತನೆಯ ಸ್ಪ್ರಿಂಗ್, ಎತ್ತರದ ಹೊಟ್ಟೆ ಬೇಕು. ಪಂದ್ಯದ ಬ್ರೇಕ್ ಪ್ಯಾಡು ಬಿಸಿಯಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತದೆ. ಬೆಳಗಿನ ಮೊದಲ ಸಿಗ್ನಲಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ರಸ್ತೆಗೆ ದೀಪ, ಹಾರನ್, ಮಡ್‌ಗಾರ್ಡ್ ಬೇಕು. ಟ್ರ್ಯಾಕಿಗೆ ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು, ಹೆಗಲಿಂದ ಬಿಗಿಯುವ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು ಬೇಕು. ಒಂದೊಂದೂ ತೂಕ, ಒಂದೊಂದೂ ದುಡ್ಡು. ಆದ್ದರಿಂದ ಮೊದಲ ಪ್ರಶ್ನೆ ಯಾವ ಎಂಜಿನ್ ಎಂಬುದಲ್ಲ. ರಸ್ತೆ ಎಷ್ಟಾಣೆ, ಟ್ರ್ಯಾಕ್ ಎಷ್ಟಾಣೆ ಎಂಬುದು.

1973ರಲ್ಲಿ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು. ಬಿಡಿಭಾಗಕ್ಕಿದ್ದ ರಿಯಾಯಿತಿ ತಪ್ಪಿತು. ಅಷ್ಟರಲ್ಲಿ ಸುಮಾರು 2,500 ಸೆವೆನ್‌ಗಳು ತಯಾರಾಗಿದ್ದವು. ಲೋಟಸ್ ಕಂಪನಿ ಕೈತೊಳೆದುಕೊಂಡಿತು; ಸರ್ರೆ ಪ್ರಾಂತದ ಕ್ಯಾಟರ್‌ಹ್ಯಾಮ್ ಎಂಬ ಊರಿನ ವ್ಯಾಪಾರಿ ಗ್ರೇಹಮ್ ನರ್ನ್ ಅದೇ ವರ್ಷ ಹಕ್ಕುಗಳನ್ನು ಕೊಂಡ. ತೆರಿಗೆಯ ಲಾಭ ಹೋದ ಮೇಲೆ ಇದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಏಳಬೇಕಾದದ್ದೇ. ಆದರೆ ಕ್ಯಾಟರ್‌ಹ್ಯಾಮ್ ಸೆವೆನ್ ಐವತ್ತು ವರ್ಷಗಳ ಮೇಲೂ ತಯಾರಾಗುತ್ತಿದೆ. 2021ರಲ್ಲಿ ಆ ಕಂಪನಿ ಜಪಾನಿನ ಸಂಸ್ಥೆಯೊಂದರ ಪಾಲಾಯಿತು. ಮೊದಲು ತೆರಿಗೆಗಾಗಿ ಕಟ್ಟಿದರು, ಆಮೇಲೆ ಕಟ್ಟುವ ಸುಖಕ್ಕಾಗಿಯೇ ಕಟ್ಟಿದರು. 1996ರಲ್ಲಿ ಔಂಡಲ್ ಶಾಲೆಯ ಉಪಾಧ್ಯಾಯ ರಾನ್ ಚಾಂಪಿಯನ್, 250 ಪೌಂಡಿನಲ್ಲಿ ಇಂಥ ಕಾರನ್ನು ಕಟ್ಟುವ ಬಗೆಯನ್ನು ವಿವರಿಸುವ ಪುಸ್ತಕ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದೇ ಅದಕ್ಕೆ ಎಂಜಿನ್, ಗೇರು, ಆಕ್ಸಲುಗಳ ಕಣಜ. ಹೊಸ ಹೊಸ ಕಟ್ಟುಪಾಡುಗಳೂ ಬಂದವು. 1998ರಿಂದ ಮನೆಯಲ್ಲಿ ಕಟ್ಟಿದ ಕಾರು ಅಲ್ಲಿ ರಸ್ತೆಗಿಳಿಯುವ ಮೊದಲು ಸರಕಾರಿ ಪರೀಕ್ಷೆಗೆ ಕೂರಬೇಕಾಯಿತು. ದಾರಿಹೋಕರಿಗೆ ತಗಲುವಂಥ ಹೊರ ಅಂಚು 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಾಗಿರಬೇಕು ಎನ್ನುವಷ್ಟು ಸೂಕ್ಷ್ಮ ಆ ಪರೀಕ್ಷೆ. ಅದನ್ನು ಮೊದಲೇ ಓದದವನು ಕಟ್ಟಿದ್ದನ್ನು ಬಿಚ್ಚಬೇಕಾಗುತ್ತಿತ್ತು.

ನಮ್ಮ ದೇಶದಲ್ಲೂ ಈ ಹುಚ್ಚು ಇಲ್ಲದಿಲ್ಲ. ಮದರಾಸಿನ ಬಳಿ ಯುದ್ಧಕಾಲದ ವಿಮಾನ ಪಟ್ಟಿಯಾಗಿದ್ದ ಶೋಲಾವರಂನಲ್ಲಿ ದಶಕಗಳ ಕಾಲ ಪಂದ್ಯಗಳು ನಡೆದವು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಇಟ್ಟು ಒಂಟಿ ಆಸನದ ಪಂದ್ಯದ ಕಾರುಗಳನ್ನು ಕಟ್ಟಿ, ಅನೇಕ ತರುಣರಿಗೆ ದಾರಿ ಮಾಡಿಕೊಟ್ಟರು. ನಮ್ಮ ಮುಂಬಯಿಯ ಎದುರು ದಡದ ಅಲಿಬಾಗಿನಲ್ಲಿ ಚಿಂಕಾರಾ ಮೋಟಾರ್ಸ್ ಎಂಬ ಸಣ್ಣ ಕಂಪನಿ ಸೆವೆನ್ ಮಾದರಿಯ ರೋಡ್‌ಸ್ಟರ್ ತಯಾರಿಸಿತು. ಅದರ ಎಂಜಿನ್ ಅಂಬಾಸಡರಿನಲ್ಲೂ ಬಳಸಿದ ಇಸುಜು 1.8 ಲೀಟರಿನದು. ಆದರೆ ಇಲ್ಲಿ ಮನೆಯಂಗಳದಲ್ಲಿ ಕಟ್ಟಿ ನೆಟ್ಟಗೆ ರಸ್ತೆಗಿಳಿಸುವುದು ಸಾಧ್ಯವಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ, ವಾಹನ ತಯಾರಕರು ಮಾದರಿ ಗಾಡಿಯನ್ನು ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಇದ್ದ ಕಾರನ್ನೇ ಬದಲಾಯಿಸೋಣವೆಂದರೆ 1988ರ ಅಧಿನಿಯಮದ 52ನೆಯ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಇಲ್ಲಿ ರಂಗೋಲಿಯ ಕೆಳಗೆ ಜಾಗವಿಲ್ಲ.

ಇಷ್ಟನ್ನೂ ಹುಡುಗನ ಮುಂದಿಟ್ಟೆವು. ಅವನ ಮುಖ ಬಾಡಿತು. "ಅಂದ್ರ ಬ್ಯಾಡ ಅಂತೀರೇನ್ರಿ ಕಾಕಾ?" ಎಂದ. ಬೇಡವೆಂದಲ್ಲ, ನಕ್ಷೆಯಲ್ಲಿ ಮೊದಲು ಬರೆಯಬೇಕಾದದ್ದನ್ನು ಕೊನೆಗಿಟ್ಟಿದ್ದೀ ಎಂದೆವು. ಆ ರಾತ್ರಿ ಅವನ ಅಪ್ಪನನ್ನೂ ಕೂಡಿಸಿಕೊಂಡು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದೆವು: ರಸ್ತೆ, ಟ್ರ್ಯಾಕ್. ರಸ್ತೆಯ ಕಾಲಮನ್ನು ಹುಡುಗ ತಾನೇ ಹೊಡೆದುಹಾಕಿದ. ಕೈ ಸ್ವಲ್ಪ ನಡುಗಿದ್ದನ್ನು ನಾವು ಕಂಡೆವು. ಉಳಿದದ್ದು ಟ್ರ್ಯಾಕಿನ ಕಾರು. ಅದೂ ಮೂವರು ಸ್ನೇಹಿತರ ಪಾಲಿನದು. ಚೌಕಟ್ಟು ಮುಗಿಯುವ ತನಕ ಹೊಸದಾಗಿ ಏನನ್ನೂ ಕೊಳ್ಳಬಾರದು ಎಂದು ಅಪ್ಪ ಷರತ್ತು ಹಾಕಿದರು. ಅರ್ಧಕ್ಕೆ ನಿಂತ ಮನೆಗಳನ್ನು ಊರಲ್ಲಿ ಕಂಡವರು ಅವರು.

ಈಗ ಕುರ್ಲಾದ ಗ್ಯಾರೇಜೊಂದರ ಹಿಂಬದಿಯಲ್ಲಿ, ಗುಜರಿಯಿಂದ ತಂದ ಹಳೆಯ ಮಾರುತಿ 800 ಇಟ್ಟಿಗೆಗಳ ಮೇಲೆ ನಿಂತಿದೆ. ರವಿವಾರ ಹುಡುಗ ಒಂದೊಂದೇ ಭಾಗ ಬಿಚ್ಚುತ್ತಾನೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತ ಅಪ್ಪ, ಆಫೀಸಿನ ದುಂಡು ಅಕ್ಷರದಲ್ಲಿ, ಯಾವ ಬೋಲ್ಟು, ಎಲ್ಲಿಯದು, ಎಷ್ಟನೆಯದು ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮೊನ್ನೆ ನಾವು ಹೋದಾಗ 214ನೆಯ ಬೋಲ್ಟು ನಡೆದಿತ್ತು.

"ಜೋಡಿಸುವಾಗ ಕೊನೇ ಪುಟದಿಂದ ಓದಿದರಾತು, ಹೌದಲ್ರಿ?" ಎಂದು ಅವರು ತಲೆಯೆತ್ತದೆ ಕೇಳಿದರು. ಹೌದು ಎಂದೆವು.